ಯುದ್ಧ ಬೇಡ ಎನ್ನಲು ನಾಯಕರು ಹೆದರಿದಾಗ ಮತದಾರರು ಏನು ಮಾಡಬಹುದು?

2003ರ ಫೆಬ್ರವರಿ. ಇರಾಕ್ ಮೇಲೆ ಯುದ್ಧಕ್ಕೆ ಅಮೆರಿಕ ಸಿದ್ಧವಾಗಿ ನಿಂತಿತ್ತು. ವಾಷಿಂಗ್ಟನ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಿತಿಯ ಸಭೆ ನಡೆಯುತ್ತಿತ್ತು. ಹೊವಾರ್ಡ್ ಡೀನ್ ಎಂಬುವರು ವೇದಿಕೆ ಹತ್ತಿದರು. ವೃತ್ತಿಯಿಂದ ಡಾಕ್ಟರ್. ವರ್ಮಾಂಟ್ ಎಂಬ ಪುಟ್ಟ ರಾಜ್ಯದ ಗವರ್ನರ್ ಆಗಿದ್ದವರು. ದೇಶದ ಹೆಚ್ಚಿನವರಿಗೆ ಅವರ ಹೆಸರೂ ಗೊತ್ತಿರಲಿಲ್ಲ. ಅವರು ತಮ್ಮದೇ ಪಕ್ಷದ ಮುಖಂಡರಿಗೆ ಒಂದು ಪ್ರಶ್ನೆ ಹಾಕಿದರು: ಅಧ್ಯಕ್ಷ ಬುಷ್ ಒಬ್ಬರೇ ತೀರ್ಮಾನಿಸಿ ಹೊರಟಿರುವ ಈ ಯುದ್ಧವನ್ನು ಇಷ್ಟೊಂದು ಡೆಮಾಕ್ರಟರು ಯಾಕೆ ಬೆಂಬಲಿಸುತ್ತಿದ್ದಾರೆ?

ಆ ಪ್ರಶ್ನೆ ಲಕ್ಷಾಂತರ ಜನರ ಮನಸ್ಸಿನಲ್ಲಿ ಮೊದಲೇ ಇತ್ತು. ಕೆಲವೇ ತಿಂಗಳಲ್ಲಿ ಡೀನ್, ದೇಶದ ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿಯಾಗುವ ಸ್ಪರ್ಧೆಯಲ್ಲಿ ಎಲ್ಲರಿಗಿಂತ ಮುಂದಿದ್ದರು. ಸಣ್ಣ ಸಣ್ಣ ಮೊತ್ತದ ಹಣ ಇಂಟರ್ನೆಟ್ ಮೂಲಕ ಅವರಿಗೆ ಹರಿದು ಬಂತು. ಅಂಥ ಸಂಗ್ರಹವನ್ನು ಅಮೆರಿಕದ ರಾಜಕಾರಣ ಅದುವರೆಗೆ ಕಂಡಿರಲಿಲ್ಲ.

ವಿರೋಧ ಪಕ್ಷ ಇರುವುದೇ ಸರ್ಕಾರವನ್ನು ಪ್ರಶ್ನಿಸಲು. ಹಾಗಿದ್ದರೂ ಯುದ್ಧದ ಮಾತು ಬಂದಾಗ ಅದರ ನಾಯಕರ ಬಾಯಿ ಯಾಕೆ ಕಟ್ಟಿಹೋಗುತ್ತದೆ? ಸಿಟ್ಟಾದ ಮತದಾರರ ಕೈಯಲ್ಲಿ ಏನಿರುತ್ತದೆ? ಇದನ್ನು ಅರ್ಥ ಮಾಡಿಕೊಳ್ಳಲು ಇರಾಕ್ ಯುದ್ಧದ ಕಾಲದ ಡೆಮಾಕ್ರಟಿಕ್ ಪಕ್ಷಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿ ಪ್ರತಿಯೊಂದು ಮತವೂ ದಾಖಲೆಯಲ್ಲಿದೆ. ಯಾರು ಏನು ಮಾಡಿದರು ಎಂಬುದು ಮುಚ್ಚುಮರೆ ಇಲ್ಲದೆ ಕಾಣುತ್ತದೆ.

ಅಕ್ಟೋಬರ್ 2002ರ ಮತ

ಅಮೆರಿಕದ ಸಂವಿಧಾನದ ಪ್ರಕಾರ ಯುದ್ಧ ಘೋಷಿಸುವ ಅಧಿಕಾರ ಅಧ್ಯಕ್ಷರಿಗಿಲ್ಲ, ಸಂಸತ್ತಿಗಿದೆ. ಆದರೆ ಎರಡನೇ ಮಹಾಯುದ್ಧದ ನಂತರ ಅಲ್ಲಿನ ಸಂಸತ್ತು ಒಮ್ಮೆಯೂ ಔಪಚಾರಿಕವಾಗಿ ಯುದ್ಧ ಘೋಷಿಸಿಲ್ಲ. ಅದರ ಬದಲು 'ಬೇಕೆನಿಸಿದರೆ ಸೇನೆ ಬಳಸಿ' ಎಂದು ಅಧ್ಯಕ್ಷರಿಗೆ ಅನುಮತಿ ಕೊಡುವ ಪದ್ಧತಿ ಬೆಳೆದಿದೆ. ಸಂಸದರಿಗೆ ಇದು ತುಂಬಾ ಅನುಕೂಲದ ವ್ಯವಸ್ಥೆ. ಯುದ್ಧ ಚೆನ್ನಾಗಿ ನಡೆದರೆ 'ನಾವೇ ಅನುಮತಿ ಕೊಟ್ಟಿದ್ದು' ಎನ್ನಬಹುದು. ಕೆಟ್ಟರೆ 'ಅನುಮತಿ ಕೊಟ್ಟೆವು, ಯುದ್ಧಕ್ಕೆ ಹೋಗಿ ಅಂತ ಹೇಳಲಿಲ್ಲ' ಎನ್ನಬಹುದು. ಮುಂದೆ ಹಲವರು ಹೇಳಿದ್ದೂ ಇದನ್ನೇ.

2002ರ ಅಕ್ಟೋಬರ್‌ನಲ್ಲಿ ಬುಷ್ ಕೇಳಿದ್ದು ಇಂಥ ಅನುಮತಿ. ನವೆಂಬರ್ 5ಕ್ಕೆ ಸಂಸತ್ತಿನ ಚುನಾವಣೆ. ಸೆಪ್ಟೆಂಬರ್ 11ರ ದಾಳಿಗೆ ಆಗಷ್ಟೇ ಒಂದು ವರ್ಷ ತುಂಬಿತ್ತು. ಬುಷ್ ಜನಪ್ರಿಯತೆ ಎತ್ತರದಲ್ಲಿತ್ತು. ಇರಾಕ್ ವಿಷಯವನ್ನು ಬೇಗ ಮುಗಿಸಿ, ಮಾತನ್ನು ನಿರುದ್ಯೋಗ, ಔಷಧಿ ಬೆಲೆಯ ಕಡೆ ತಿರುಗಿಸಿದರೆ ಚುನಾವಣೆ ಗೆಲ್ಲಬಹುದು ಎಂಬುದು ಡೆಮಾಕ್ರಟಿಕ್ ನಾಯಕರ ಲೆಕ್ಕವಾಗಿತ್ತು.

ಅಕ್ಟೋಬರ್ 2ರಂದು ಕೆಳಮನೆಯ ಡೆಮಾಕ್ರಟಿಕ್ ನಾಯಕ ಡಿಕ್ ಗೆಪ್‌ಹಾರ್ಟ್ ಶ್ವೇತಭವನದ ಹೂದೋಟದಲ್ಲಿ ಬುಷ್ ಪಕ್ಕ ನಿಂತರು. ನಿರ್ಣಯಕ್ಕೆ ಒಪ್ಪಿಗೆ ಘೋಷಿಸಿದರು. ಅದೇ ದಿನ ಷಿಕಾಗೋದ ಬಯಲಿನಲ್ಲಿ ನಡೆದ ಯುದ್ಧ ವಿರೋಧಿ ಸಭೆಯಲ್ಲಿ ಇಲಿನಾಯ್ ರಾಜ್ಯದ ಒಬ್ಬ ಶಾಸಕ ಮಾತಾಡಿದರು. ನಾನು ಎಲ್ಲ ಯುದ್ಧಗಳನ್ನೂ ವಿರೋಧಿಸುವವನಲ್ಲ, ಈ ತಲೆಯಿಲ್ಲದ ಯುದ್ಧವನ್ನು ವಿರೋಧಿಸುತ್ತೇನೆ ಎಂಬುದು ಅವರ ಮಾತಿನ ಸಾರ. ಅವರ ಹೆಸರು ಬರಾಕ್ ಒಬಾಮಾ. ಆ ದಿನ ಅವರನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಅಕ್ಟೋಬರ್ 10ರಂದು ಕೆಳಮನೆಯಲ್ಲಿ ನಿರ್ಣಯ 296–133 ಮತಗಳಿಂದ ಪಾಸಾಯಿತು. ಮಧ್ಯರಾತ್ರಿ ದಾಟಿದ ಮೇಲೆ ಮೇಲ್ಮನೆಯಾದ ಸೆನೆಟ್‌ನಲ್ಲಿ 77–23. ಆದರೆ ಈ ಸಂಖ್ಯೆಯ ಒಳಗೆ ಇನ್ನೊಂದು ಸಂಖ್ಯೆ ಇದೆ. ಕೆಳಮನೆಯ ಡೆಮಾಕ್ರಟರಲ್ಲಿ 126 ಮಂದಿ 'ಬೇಡ' ಎಂದರು. ಅಂದರೆ ಆ ಪಕ್ಷದ ಬಹುಪಾಲು ಸದಸ್ಯರು! 'ಹೌದು' ಎಂದವರಲ್ಲಿ ಎದ್ದು ಕಂಡದ್ದು ನಾಯಕರು, ಮತ್ತು ಮುಂದೆ ಅಧ್ಯಕ್ಷರಾಗಲು ಆಸೆ ಇಟ್ಟುಕೊಂಡವರು. ಗೆಪ್‌ಹಾರ್ಟ್, ಸೆನೆಟ್ ನಾಯಕ ಟಾಮ್ ಡ್ಯಾಶಲ್, ಜಾನ್ ಕೆರಿ, ಜಾನ್ ಎಡ್ವರ್ಡ್ಸ್, ಜೋ ಲೀಬರ್ಮನ್, ಹಿಲರಿ ಕ್ಲಿಂಟನ್, ಜೋ ಬೈಡನ್. ಮತದಾರರ ಸಿಟ್ಟಿನ ಬೇರು ಇಲ್ಲಿದೆ. ಪಕ್ಷ ಪೂರ್ತಿ ಅವರ ಕೈಬಿಟ್ಟಿರಲಿಲ್ಲ. ಪಕ್ಷದ ತಲೆಗಳು ಕೈಬಿಟ್ಟಿದ್ದವು.

ಇನ್ನೊಂದು ವಿಷಯ ಇದಕ್ಕಿಂತ ಜಾಸ್ತಿ ನೋವು ಕೊಡುವಂಥದ್ದು. ಇರಾಕ್ ಬಳಿ ಏನೇನು ಅಸ್ತ್ರ ಇದೆ ಎಂಬ ಬಗ್ಗೆ ಗುಪ್ತಚರ ಸಂಸ್ಥೆಗಳ ರಹಸ್ಯ ವರದಿಯೊಂದು ಅಕ್ಟೋಬರ್ ಮೊದಲ ವಾರದಲ್ಲಿ ಸಂಸತ್ತಿಗೆ ಬಂತು. ಸುಮಾರು 90 ಪುಟ. ಅಣ್ವಸ್ತ್ರದ ಬಗ್ಗೆ ವಿದೇಶಾಂಗ ಇಲಾಖೆಯ ಗುಪ್ತಚರ ವಿಭಾಗಕ್ಕೆ ಭಿನ್ನಾಭಿಪ್ರಾಯ ಇದೆ ಎಂದು ಅದರಲ್ಲೇ ಬರೆದಿತ್ತು. ಜನರ ಮುಂದಿಟ್ಟ ಪ್ರತಿಯಲ್ಲಿ ಇಂಥ ಅನುಮಾನದ ಮಾತುಗಳು ತೆಳುವಾಗಿ ಹೋಗಿದ್ದವು. ಸೆನೆಟ್ ಗುಪ್ತಚರ ಸಮಿತಿಯ ಅಧ್ಯಕ್ಷ ಬಾಬ್ ಗ್ರಹಾಂ ಪೂರ್ತಿ ವರದಿ ಓದಿದರು, ಇತರರಿಗೂ ಓದಲು ಹೇಳಿದರು, ಕೊನೆಗೆ 'ಬೇಡ' ಎಂದರು. ಕೆಲವೇ ಸೆನೆಟರ್‌ಗಳು ಅದನ್ನು ಪೂರ್ತಿ ಓದಿದ್ದರು. ಹಿಲರಿ ಕ್ಲಿಂಟನ್ ವರದಿಯ ಬಗ್ಗೆ ವಿವರಣೆ ಪಡೆದಿದ್ದರೇ ಹೊರತು ವರದಿಯನ್ನೇ ಓದಿರಲಿಲ್ಲ. ಸಾವಿರಾರು ಯುವಕರನ್ನು ಯುದ್ಧಕ್ಕೆ ಕಳಿಸುವ ಮತ ಹಾಕುವ ಮುನ್ನ 90 ಪುಟ ಓದುವುದು ದೊಡ್ಡ ಬೇಡಿಕೆ ಅಲ್ಲ, ಅಲ್ವಾ?

ಹೆದರಿಕೆ ಎಲ್ಲಿಂದ ಬಂತು

ಈ ನಾಯಕರು ಹುಟ್ಟು ಪುಕ್ಕಲರಾಗಿರಲಿಲ್ಲ. ಕೆರಿ ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿ ಪದಕ ಪಡೆದವರು. ವಾಪಸ್ ಬಂದು 1971ರಲ್ಲಿ ಸೆನೆಟ್ ಸಮಿತಿಯ ಮುಂದೆ ಅದೇ ಯುದ್ಧದ ವಿರುದ್ಧ ಸಾಕ್ಷಿ ನುಡಿದವರು. ಇಂಥವರೂ 2002ರಲ್ಲಿ ಯಾಕೆ ತಲೆ ಆಡಿಸಿದರು ಎಂದರೆ, ಹಿಂದಿನ ಎರಡು ಪೆಟ್ಟುಗಳನ್ನು ನೋಡಬೇಕು.

ಮೊದಲನೆಯದು 1972. ವಿಯೆಟ್ನಾಂ ಯುದ್ಧ ನಿಲ್ಲಿಸುತ್ತೇನೆ ಎಂದು ಸ್ಪರ್ಧಿಸಿದ ಡೆಮಾಕ್ರಟಿಕ್ ಅಭ್ಯರ್ಥಿ ಜಾರ್ಜ್ ಮೆಕ್‌ಗವರ್ನ್ 50ರಲ್ಲಿ 49 ರಾಜ್ಯ ಕಳೆದುಕೊಂಡರು. ಅವರು ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿದ್ದವರು. ಅದು ಲೆಕ್ಕಕ್ಕೇ ಬರಲಿಲ್ಲ. 'ಯುದ್ಧ ಬೇಡ ಅಂದರೆ ದುರ್ಬಲ ಅಂತಾರೆ, ದುರ್ಬಲ ಅಂದರೆ ಸೋಲು' ಎಂಬ ಪಾಠ ಆ ಪಕ್ಷದ ತಂತ್ರಗಾರರ ತಲೆಯಲ್ಲಿ ಅಂದೇ ಕೂತುಬಿಟ್ಟಿತು.

ಎರಡನೆಯದರ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ನನ್ನ ಪ್ರಕಾರ ಅದೇ ಹೆಚ್ಚು ಮುಖ್ಯ. 1991ರ ಜನವರಿಯಲ್ಲಿ, ಕುವೈತ್‌ನಿಂದ ಸದ್ದಾಂ ಹುಸೇನ್‌ನನ್ನು ಓಡಿಸಲು ಆಗ ಅಧ್ಯಕ್ಷರಾಗಿದ್ದ ದೊಡ್ಡ ಬುಷ್ (ಈ ಬುಷ್ ಅವರ ತಂದೆ) ಅನುಮತಿ ಕೇಳಿದರು. ಆಗ ಹೆಚ್ಚಿನ ಡೆಮಾಕ್ರಟರು ಧೈರ್ಯವಾಗಿ 'ಬೇಡ' ಎಂದಿದ್ದರು. ಸೆನೆಟ್‌ನಲ್ಲಿ ನಿರ್ಣಯ ಪಾಸಾಗಿದ್ದು 52–47ರ ಸಣ್ಣ ಅಂತರದಲ್ಲಿ. ಆದರೆ ಯುದ್ಧ ವಾರಗಳಲ್ಲಿ ಮುಗಿಯಿತು, ಅಮೆರಿಕದ ಕಡೆ ಸಾವು ಕಡಿಮೆ, ಜನ ಸಂಭ್ರಮಿಸಿದರು. 'ಬೇಡ' ಎಂದವರು ಮುಖ ಮುಚ್ಚಿಕೊಳ್ಳುವ ಹಾಗಾಯಿತು. 'ಹೌದು' ಎಂದ ಕೆಲವೇ ಡೆಮಾಕ್ರಟಿಕ್ ಸೆನೆಟರ್‌ಗಳಲ್ಲಿ ಒಬ್ಬರಾದ ಅಲ್ ಗೋರ್ ಮರುವರ್ಷವೇ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾದರು.

ಈಗ ಹೆಸರು ನೋಡಿ. ಗೆಪ್‌ಹಾರ್ಟ್, ಡ್ಯಾಶಲ್, ಕೆರಿ, ಬೈಡನ್. ನಾಲ್ವರೂ 1991ರಲ್ಲಿ 'ಬೇಡ' ಎಂದವರು. ನಾಲ್ವರೂ 2002ರಲ್ಲಿ 'ಹೌದು' ಎಂದರು. ಒಬ್ಬೊಬ್ಬರ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ಹಳೇ ಪೆಟ್ಟಿನ ನೆನಪು ಆ ಮತದಲ್ಲಿ ಇರಲೇ ಇಲ್ಲ ಎಂದು ನಂಬುವುದು ನನಗೆ ಕಷ್ಟ. ಹಿಂದಿನ ಯುದ್ಧದ ಪಾಠವನ್ನು ಅವರು ಮುಂದಿನ ಯುದ್ಧಕ್ಕೆ ಹಚ್ಚಿದರು. ಆದರೆ ಆ ಯುದ್ಧ ಬೇರೆ, ಈ ಯುದ್ಧ ಬೇರೆ.

ಹೆದರಿಕೆಗೆ ತನ್ನದೇ ಭಾಷೆ ಇದೆ. ಮತದಾರರು ಅದನ್ನು ಗುರುತಿಸಲು ಕಲಿತರೆ ಅರ್ಧ ಕೆಲಸ ಆದಂತೆ. ಹೆದರಿದ ನಾಯಕ 'ಈ ಯುದ್ಧ ಸರಿ' ಎಂದೂ ಹೇಳುವುದಿಲ್ಲ, 'ತಪ್ಪು' ಎಂದೂ ಹೇಳುವುದಿಲ್ಲ. 'ಮೊದಲು ವಿಶ್ವಸಂಸ್ಥೆಗೆ ಹೋಗಬೇಕಿತ್ತು', 'ಮಿತ್ರ ದೇಶಗಳನ್ನು ಜೊತೆಗೆ ತೆಗೆದುಕೊಳ್ಳಬೇಕಿತ್ತು', 'ಯುದ್ಧದ ನಂತರದ ಯೋಜನೆ ಎಲ್ಲಿ?', 'ನಮಗೆ ಮೊದಲೇ ಮಾಹಿತಿ ಕೊಡಲಿಲ್ಲ' ಎನ್ನುತ್ತಾನೆ. ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಎಲ್ಲವೂ ಯುದ್ಧ ಹೇಗೆ ಮಾಡುತ್ತೀರಿ ಎಂಬುದರ ಬಗ್ಗೆ. ಮಾಡಬೇಕೇ ಬೇಡವೇ ಎಂಬ ಪ್ರಶ್ನೆ ಬಂದಾಗ ಮೌನ. 2002ರಲ್ಲಿ 'ಹೌದು' ಎಂದ ಎಷ್ಟೋ ಭಾಷಣಗಳು ಇದೇ ಧಾಟಿಯಲ್ಲಿದ್ದವು. ಮುಕ್ಕಾಲು ಭಾಷಣ ಎಚ್ಚರಿಕೆಯ ಮಾತು, ಕೊನೆಗೆ ಹಾಕುವ ಮತ ಮಾತ್ರ ಯುದ್ಧದ ಕಡೆಗೆ.

ಲೆಕ್ಕವೂ ಕೈಕೊಟ್ಟಿತು

ತಪ್ಪು ಎಂದು ಗೊತ್ತಿದ್ದೂ ಗೆಲುವಿಗಾಗಿ ರಾಜಿ ಮಾಡಿಕೊಂಡರು ಎನ್ನೋಣ. ಗೆದ್ದರಾ? ಇಲ್ಲ.

ಜಾರ್ಜಿಯಾದ ಸೆನೆಟರ್ ಮ್ಯಾಕ್ಸ್ ಕ್ಲೀಲಂಡ್ ವಿಯೆಟ್ನಾಂನಲ್ಲಿ ಎರಡೂ ಕಾಲು, ಒಂದು ಕೈ ಕಳೆದುಕೊಂಡವರು. ಅವರು ಇರಾಕ್ ನಿರ್ಣಯಕ್ಕೆ 'ಹೌದು' ಎಂದರು. ಆದರೂ ಅವರ ವಿರುದ್ಧ ಬಂದ ಟಿವಿ ಜಾಹೀರಾತಿನಲ್ಲಿ ಒಸಾಮಾ ಬಿನ್ ಲಾಡೆನ್ ಮತ್ತು ಸದ್ದಾಂ ಚಿತ್ರ ತೋರಿಸಿ, ದೇಶದ ಭದ್ರತೆಗೆ ಕ್ಲೀಲಂಡ್ ಅಡ್ಡಗಾಲು ಎಂಬಂತೆ ಬಿಂಬಿಸಿದರು. ಆಂತರಿಕ ಭದ್ರತಾ ಇಲಾಖೆಯ ಮಸೂದೆಯ ಮೇಲೆ ಅವರು ಹಾಕಿದ ಬೇರೆ ಕೆಲವು ಮತಗಳನ್ನು ಅದಕ್ಕೆ ಬಳಸಿಕೊಂಡರು. ಕ್ಲೀಲಂಡ್ ಸೋತರು. ಡೆಮಾಕ್ರಟರು ಸೆನೆಟ್‌ನ ಬಹುಮತವನ್ನೇ ಕಳೆದುಕೊಂಡರು. ಎದುರಾಳಿಯ ಮಾತಿಗೆ ತಲೆಯಾಡಿಸಿದರೆ ಎದುರಾಳಿ ಬಿಟ್ಟುಬಿಡುತ್ತಾನೆ ಎಂಬ ನಂಬಿಕೆ ಒಂದೇ ತಿಂಗಳಲ್ಲಿ ಸುಳ್ಳಾಯಿತು.

'ಬೇಡ' ಎಂದವರ ಕಥೆಯನ್ನೂ ನೋಡಬೇಕು. ಮಿನೆಸೋಟಾದ ಪಾಲ್ ವೆಲ್‌ಸ್ಟೋನ್ ಅದೇ ಚುನಾವಣೆಯಲ್ಲಿ ತೀರಾ ಬಿಗಿ ಸ್ಪರ್ಧೆಯಲ್ಲಿದ್ದರೂ 'ಬೇಡ' ಎಂದರು. ಆ ಮತದಿಂದ ಅವರ ಬೆಂಬಲ ಕುಸಿಯಲಿಲ್ಲ. ಆದರೆ ಮತದಾನಕ್ಕೆ 11 ದಿನ ಇರುವಾಗ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರದು ಇನ್ನೂ ಮೊದಲಿನ ಕಥೆ. 2001ರ ಸೆಪ್ಟೆಂಬರ್ 14ರಂದು, ಇಡೀ ದೇಶ ದುಃಖದಲ್ಲಿ, ಕೋಪದಲ್ಲಿ ಇದ್ದಾಗ, ಮಿತಿಯಿಲ್ಲದ ಯುದ್ಧಾಧಿಕಾರ ಕೊಡುವ ನಿರ್ಣಯಕ್ಕೆ ಕೆಳಮನೆಯಲ್ಲಿ 420 ಮಂದಿ 'ಹೌದು' ಎಂದರು. 'ಬೇಡ' ಎಂದವರು ಅವರೊಬ್ಬರೇ. ಕೊಲೆ ಬೆದರಿಕೆ ಬಂತು, ಪೊಲೀಸ್ ಕಾವಲು ಬೇಕಾಯಿತು. ಮರುವರ್ಷ ಇರಾಕ್ ನಿರ್ಣಯಕ್ಕೂ 'ಬೇಡ' ಎಂದರು. ಆ ವರ್ಷದ ಚುನಾವಣೆಯಲ್ಲಿ ಅವರ ಕ್ಷೇತ್ರ ಅವರಿಗೆ ನೂರಕ್ಕೆ 80ಕ್ಕಿಂತ ಜಾಸ್ತಿ ಮತ ಕೊಟ್ಟಿತು. ಓಕ್ಲಂಡ್, ಬರ್ಕ್ಲಿ ಸೇರಿದ ಆ ಕ್ಷೇತ್ರ ಅವರ ಪಕ್ಷದ ಭದ್ರಕೋಟೆ, ಅದು ನಿಜ. ಆದರೆ ಅಂಥ ಭದ್ರಕೋಟೆಯಲ್ಲೇ ಕೂತು 'ಹೌದು' ಎಂದವರೂ ಎಷ್ಟೋ ಜನ ಇದ್ದರು.

2003ರ ಮಾರ್ಚ್‌ನಲ್ಲಿ ಯುದ್ಧ ಶುರುವಾಯಿತು. ಯುದ್ಧಕ್ಕೆ ಕಾರಣ ಎಂದು ಹೇಳಿದ್ದ ಸಾಮೂಹಿಕ ನಾಶದ ಅಸ್ತ್ರಗಳು ಸಿಗಲಿಲ್ಲ. ಸುಮಾರು 4,500 ಅಮೆರಿಕನ್ ಸೈನಿಕರು ಸತ್ತರು. ಇರಾಕಿ ನಾಗರಿಕರ ಸಾವು ಲಕ್ಷ ದಾಟಿತು.

ಮತದಾರರೂ ಹೆದರಿದರು

2004ರ ಕಥೆ ಹೇಳುವಾಗ ಮತದಾರರನ್ನು ಪೂರ್ತಿ ಮುಗ್ಧರು ಎನ್ನಲು ನನಗೆ ಮನಸ್ಸಿಲ್ಲ.

ಮೊದಲು ಅಲ್ಲಿನ ವ್ಯವಸ್ಥೆ ಹೇಳಬೇಕು. ನಮ್ಮಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್. ಕಾರ್ಯಕರ್ತನಿಗೆ ಸಿಟ್ಟು ಬಂದರೆ ಪಕ್ಷದ ಕಚೇರಿ ಮುಂದೆ ಘೋಷಣೆ ಕೂಗಬಹುದು, ಬಂಡಾಯ ನಿಲ್ಲಬಹುದು. ಟಿಕೆಟ್ ಬದಲಿಸುವ ಹಕ್ಕು ಅವನಿಗಿಲ್ಲ. ಅಮೆರಿಕದಲ್ಲಿ ಟಿಕೆಟ್ ಯಾರಿಗೆ ಎಂಬುದನ್ನು ತೀರ್ಮಾನಿಸುವುದು ಪಕ್ಷದ ಸಾಮಾನ್ಯ ಮತದಾರರು. ಅದಕ್ಕೇ ಒಂದು ಪ್ರತ್ಯೇಕ ಚುನಾವಣೆ ಇದೆ, ಪ್ರೈಮರಿ ಎನ್ನುತ್ತಾರೆ. ಇನ್ನೊಂದು ವ್ಯತ್ಯಾಸ ವಿಪ್. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ವಿಪ್ ಮೀರಿದ ಸಂಸದನ ಸ್ಥಾನವೇ ಹೋಗಬಹುದು. ಅಲ್ಲಿ ಹಾಗಿಲ್ಲ. ಪ್ರತಿ ಸದಸ್ಯನೂ ತನ್ನ ಮತಕ್ಕೆ ತಾನೇ ಜವಾಬ್ದಾರ. 'ಪಕ್ಷ ಹೇಳಿತು, ಹಾಕಿದೆ' ಎಂಬ ನೆಪ ಅಲ್ಲಿ ನಡೆಯುವುದಿಲ್ಲ. ಆದ್ದರಿಂದಲೇ ಅಲ್ಲಿನ ಮತದಾರ ಒಬ್ಬೊಬ್ಬ ನಾಯಕನ ಹೆಸರು ಹಿಡಿದು ಕೇಳುತ್ತಾನೆ.

2004ರ ಜನವರಿ 19ರಂದು ಅಯೋವಾ ರಾಜ್ಯದಲ್ಲಿ ಆ ಅಧ್ಯಕ್ಷೀಯ ಸ್ಪರ್ಧೆಯ ಮೊದಲ ಸುತ್ತು ನಡೆಯಿತು. ಹೂದೋಟದಲ್ಲಿ ಬುಷ್ ಪಕ್ಕ ನಿಂತಿದ್ದ ಗೆಪ್‌ಹಾರ್ಟ್ ನಾಲ್ಕನೆಯವರಾಗಿ ಕಣದಿಂದಲೇ ಹಿಂದೆ ಸರಿದರು. ಆದರೆ ಯುದ್ಧ ವಿರೋಧಿ ಡೀನ್ ಮೂರನೇ ಸ್ಥಾನಕ್ಕೆ ಕುಸಿದರು. ಗೆದ್ದವರು ಕೆರಿ, ಎರಡನೆಯವರು ಎಡ್ವರ್ಡ್ಸ್. ಇಬ್ಬರೂ 'ಹೌದು' ಎಂದಿದ್ದವರು! ಯುದ್ಧದ ಮೇಲೆ ಅಷ್ಟು ಸಿಟ್ಟಿದ್ದ ಮತದಾರರೇ ಯಾಕೆ ಹೀಗೆ ಮಾಡಿದರು? 'ಬುಷ್‌ನನ್ನು ಸೋಲಿಸಬಲ್ಲವರು ಯಾರು?' ಎಂದು ಅವರು ಕೇಳಿಕೊಂಡರು. ಪದಕ ಗೆದ್ದ ಮಾಜಿ ಯೋಧನನ್ನು ದುರ್ಬಲ ಎನ್ನಲು ಆಗಲಿಕ್ಕಿಲ್ಲ ಎಂದು ಲೆಕ್ಕ ಹಾಕಿದರು. ನಾಯಕರು 2002ರಲ್ಲಿ ಹಾಕಿದ್ದೂ ಇದೇ ಲೆಕ್ಕ. ಹೆದರಿಕೆ ಮೇಲಿನಿಂದ ಕೆಳಕ್ಕೂ ಇಳಿದಿತ್ತು.

ಫಲ ಏನಾಯಿತು? ಯುದ್ಧಕ್ಕೆ 87 ಶತಕೋಟಿ ಡಾಲರ್ ಕೊಡುವ ಮಸೂದೆಯ ಬಗ್ಗೆ ಕೇಳಿದಾಗ, ಅದರ ವಿರುದ್ಧ ಮತ ಹಾಕುವ ಮುನ್ನ ಪರವಾಗಿಯೇ ಮತ ಹಾಕಿದ್ದೆ ಎಂದುಬಿಟ್ಟರು ಕೆರಿ. ಅಕ್ಷರಶಃ ನೋಡಿದರೆ ಅದು ಸುಳ್ಳಲ್ಲ. ಶ್ರೀಮಂತರ ತೆರಿಗೆ ರಿಯಾಯಿತಿ ಕಡಿತ ಮಾಡಿ ಆ ಹಣ ಹೊಂದಿಸಬೇಕು ಎಂಬ ತಿದ್ದುಪಡಿಗೆ ಅವರು ಹೌದು ಎಂದಿದ್ದರು. ಅದು ಬಿದ್ದುಹೋದ ಮೇಲೆ ಮೂಲ ಮಸೂದೆಗೆ ಬೇಡ ಎಂದಿದ್ದರು. ಆದರೆ ಬುಷ್ ತಂಡ ಆ ಒಂದು ವಾಕ್ಯವನ್ನು ಜಾಹೀರಾತು ಮಾಡಿ ದೇಶಕ್ಕೆಲ್ಲ ತೋರಿಸಿತು. ಆಗಸ್ಟ್‌ನಲ್ಲಿ ಮತ್ತೊಂದು ಪ್ರಶ್ನೆ ಬಂತು: ಅಸ್ತ್ರಗಳು ಸಿಗದ್ದು ಈಗ ಗೊತ್ತಾಗಿದೆ, ಈಗಲೂ ಆ ಅನುಮತಿಗೆ ಮತ ಹಾಕುತ್ತಿದ್ದಿರಾ? ಹೌದು, ಅಧ್ಯಕ್ಷರಿಗೆ ಆ ಅಧಿಕಾರ ಇರಬೇಕಿತ್ತು ಎಂದರು ಕೆರಿ. ಯುದ್ಧವನ್ನು ಟೀಕಿಸುವ ಅಭ್ಯರ್ಥಿಯ ಕೈಯಲ್ಲಿದ್ದ ಅತಿ ದೊಡ್ಡ ಆಯುಧ ಅವರ ಕೈಯಿಂದಲೇ ಜಾರಿತು. ನವೆಂಬರ್‌ನಲ್ಲಿ ಬುಷ್ ಮತ್ತೆ ಗೆದ್ದರು. ಸೆನೆಟ್ ನಾಯಕ ಡ್ಯಾಶಲ್ ಸೌತ್ ಡಕೋಟಾದಲ್ಲಿ ತಮ್ಮ ಸ್ಥಾನವನ್ನೇ ಕಳೆದುಕೊಂಡರು.

ಕನೆಕ್ಟಿಕಟ್

ನಾಯಕರಿಗೆ ನಿಜವಾಗಿ ಬಿಸಿ ಮುಟ್ಟಿದ್ದು 2006ರಲ್ಲಿ. ಜೋ ಲೀಬರ್ಮನ್ ಕನೆಕ್ಟಿಕಟ್ ರಾಜ್ಯದ ಸೆನೆಟರ್, 2000ದಲ್ಲಿ ದೇಶದ ಉಪಾಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿ ಆಗಿದ್ದವರು. ಅವರನ್ನು ಹೆದರಿದ ನಾಯಕರ ಸಾಲಿಗೆ ಸೇರಿಸುವುದು ಅನ್ಯಾಯ. ಅವರು ಯುದ್ಧವನ್ನು ಮನಸಾರೆ ನಂಬಿದ್ದರು. ಆದರೆ 2005ರ ಕೊನೆಯಲ್ಲಿ, ಯುದ್ಧದ ಸಮಯದಲ್ಲಿ ಅಧ್ಯಕ್ಷರ ವಿಶ್ವಾಸಾರ್ಹತೆಯನ್ನು ಕುಗ್ಗಿಸಿದರೆ ದೇಶಕ್ಕೇ ಅಪಾಯ ಎಂಬ ಅರ್ಥದ ಮಾತಾಡಿದರು. ಅಂದರೆ ವಿರೋಧ ಮಾಡುವುದೇ ತಪ್ಪು ಎಂದ ಹಾಗಾಯಿತು. ಆ ಮಾತು ಪಕ್ಷದ ಮತದಾರರನ್ನು ಕೆರಳಿಸಿತು.

ನೆಡ್ ಲಮಾಂಟ್ ಎಂಬ ಕೇಬಲ್ ಟಿವಿ ಉದ್ಯಮಿ ಅವರ ವಿರುದ್ಧ ಪ್ರೈಮರಿಗೆ ಇಳಿದರು. ಪಕ್ಷದ ದೊಡ್ಡ ನಾಯಕರಲ್ಲಿ ಹೆಚ್ಚಿನವರು ಲೀಬರ್ಮನ್ ಪರ ನಿಂತರು. ಆಗಸ್ಟ್ 8ರಂದು ಸುಮಾರು ನೂರಕ್ಕೆ 52ರಷ್ಟು ಮತ ಪಡೆದು ಲಮಾಂಟ್ ಗೆದ್ದರು. ಅಂಥ ಹೆಸರಿನ ಸೆನೆಟರ್ ತನ್ನದೇ ಪಕ್ಷದ ಪ್ರೈಮರಿಯಲ್ಲಿ ಸೋಲುವುದು ಅಪರೂಪದಲ್ಲಿ ಅಪರೂಪ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಕನೆಕ್ಟಿಕಟ್ ಪ್ರೈಮರಿಯಲ್ಲಿ ಪಕ್ಷದಲ್ಲಿ ಹೆಸರು ನೋಂದಾಯಿಸಿದವರಿಗೆ ಮಾತ್ರ ಮತ. ನವೆಂಬರ್‌ನಲ್ಲಿ ಎಲ್ಲರಿಗೂ ಮತ. ಲೀಬರ್ಮನ್ ಸ್ವತಂತ್ರವಾಗಿ ನಿಂತರು, ಬುಷ್ ಅವರ ರಿಪಬ್ಲಿಕನ್ ಪಕ್ಷದ ಮತಗಳು ಅವರ ಕಡೆ ಹರಿದವು. ಆ ಪಕ್ಷದ ಅಧಿಕೃತ ಅಭ್ಯರ್ಥಿಗೆ ಸಿಕ್ಕಿದ್ದು ನೂರಕ್ಕೆ 10 ಕೂಡ ಇಲ್ಲ. ಲೀಬರ್ಮನ್ ಆರಾಮಾಗಿ ಗೆದ್ದರು. ಪ್ರೈಮರಿಯಿಂದ ನಾಯಕರಿಗೆ ಎಚ್ಚರಿಕೆ ಕೊಡಬಹುದು, ಆದರೆ ಅವರನ್ನು ಮನೆಗೆ ಕಳಿಸಲು ಅದೊಂದೇ ಸಾಲದು.

ಆದರೂ ಎಚ್ಚರಿಕೆ ಕೆಲಸ ಮಾಡಿತು. ಅದಕ್ಕೂ ಮೊದಲೇ, 2005ರ ನವೆಂಬರ್‌ನಲ್ಲಿ, ಮರೀನ್ ಪಡೆಯ ಮಾಜಿ ಯೋಧ, ಸೇನೆಯ ಆಪ್ತ ಎಂದೇ ಹೆಸರಾದ ಸಂಸದ ಜಾನ್ ಮರ್ಥಾ ಸೈನಿಕರನ್ನು ವಾಪಸ್ ಕರೆಸಿ ಎಂದಿದ್ದರು. ನಿರ್ಣಯಕ್ಕೆ 'ಹೌದು' ಎಂದಿದ್ದವರು ಅವರು. ಕೆಳಮನೆ ನಾಯಕಿ ನ್ಯಾನ್ಸಿ ಪೆಲೋಸಿ ಸ್ವತಃ 2002ರಲ್ಲಿ 'ಬೇಡ' ಎಂದವರಾದರೂ ಮರ್ಥಾ ಬೆನ್ನಿಗೆ ನಿಲ್ಲಲು ಸುಮಾರು ಎರಡು ವಾರ ತೆಗೆದುಕೊಂಡರು. ಕನೆಕ್ಟಿಕಟ್ ನಂತರ ಆ ಹಿಂಜರಿಕೆ ಕಡಿಮೆಯಾಯಿತು. 2006ರ ನವೆಂಬರ್ 7ರಂದು ಡೆಮಾಕ್ರಟರು ಎರಡೂ ಮನೆ ಗೆದ್ದರು. ಮರುದಿನವೇ ರಕ್ಷಣಾ ಸಚಿವ ಡೊನಾಲ್ಡ್ ರಮ್ಸ್‌ಫೆಲ್ಡ್ ಹೊರಹೋಗುತ್ತಾರೆ ಎಂಬ ಘೋಷಣೆ ಬಂತು.

ಗೆದ್ದರೂ ಯುದ್ಧ ನಿಲ್ಲಲಿಲ್ಲ, ಯಾಕೆ?

ಇಲ್ಲಿಂದ ಮುಂದಿನದು ಸ್ವಲ್ಪ ನಿಧಾನವಾಗಿ ಓದಬೇಕಾದ ಭಾಗ. ಎಲ್ಲಿ ನಾಯಕರು ನಿಜವಾಗಿ ಅಸಹಾಯಕರಾಗಿದ್ದರು, ಎಲ್ಲಿ ಅಸಹಾಯಕತೆಯ ನೆಪ ಹೇಳಿದರು ಎಂಬುದು ಇಲ್ಲೇ ಗೊತ್ತಾಗುತ್ತದೆ.

2007ರ ಜನವರಿಯಲ್ಲಿ ಪೆಲೋಸಿ ಸ್ಪೀಕರ್ ಆದರು. ಅದೇ ತಿಂಗಳು ಬುಷ್ ಇರಾಕ್‌ಗೆ 20,000ಕ್ಕೂ ಜಾಸ್ತಿ ಸೈನಿಕರನ್ನು ಹೊಸದಾಗಿ ಕಳಿಸುವುದಾಗಿ ಹೇಳಿದರು. ಯುದ್ಧ ಮುಗಿಸಲಿ ಎಂದು ಮತ ಹಾಕಿದವರಿಗೆ ಯುದ್ಧ ಹಿಗ್ಗುವುದು ಕಾಣಿಸಿತು.

ಸಂಸತ್ತಿನ ಕೈಯಲ್ಲಿದ್ದ ಅಸ್ತ್ರ ಹಣ. ಯುದ್ಧದ ಖರ್ಚಿಗೆ ಅದರ ಒಪ್ಪಿಗೆ ಬೇಕೇ ಬೇಕು. ವಸಂತದಲ್ಲಿ ಡೆಮಾಕ್ರಟರು ಹಣ ಕೊಡುವ ಮಸೂದೆಗೆ ಸೈನಿಕರ ವಾಪಸಾತಿಯ ವೇಳಾಪಟ್ಟಿ ಜೋಡಿಸಿದರು. ಎರಡೂ ಮನೆಗಳಲ್ಲಿ ತೀರಾ ಸಣ್ಣ ಅಂತರದಿಂದ ಪಾಸು ಮಾಡಿದರು. ಮೇ 1ರಂದು ಬುಷ್ ವಿಟೋ ಹಾಕಿದರು, ಅಂದರೆ ಸಹಿ ಮಾಡದೆ ತಿರಸ್ಕರಿಸಿದರು. ವಿಟೋ ಮೀರಲು ಎರಡೂ ಮನೆಗಳಲ್ಲಿ ಮೂರನೇ ಎರಡು ಭಾಗದ ಮತ ಬೇಕು. ಅಷ್ಟು ಮತ ಇರಲಿಲ್ಲ. ಸೆನೆಟ್‌ನಲ್ಲಿ ಅವರ ಬಹುಮತವೇ 51–49. ಆ 51ರಲ್ಲಿ ಒಬ್ಬರು ಸ್ವತಂತ್ರರಾಗಿ ಗೆದ್ದು ಬಂದಿದ್ದ ಲೀಬರ್ಮನ್! ಅವರನ್ನು ಉಳಿಸಿಕೊಳ್ಳಲು ಪಕ್ಷ ಅವರಿಗೆ ಸಮಿತಿಯ ಅಧ್ಯಕ್ಷ ಸ್ಥಾನ ಕೊಟ್ಟಿತ್ತು. ಇಲ್ಲಿಯವರೆಗೆ ನಾಯಕರ ಮಾತು ಸರಿ. ಮತಗಳು ಸಾಲಲಿಲ್ಲ.

ಆದರೆ ಇನ್ನೊಂದು ದಾರಿ ಇತ್ತು. ಹೊಸ ಕಾನೂನು ಮಾಡಿ ಯುದ್ಧ ನಿಲ್ಲಿಸಲು ಮೂರನೇ ಎರಡು ಬೇಕು. ಹಣ ಕೊಡದೆ ಸುಮ್ಮನಿರಲು ಸರಳ ಬಹುಮತ ಸಾಕು. ಮಸೂದೆಯನ್ನು ಸದನಕ್ಕೆ ತರುವುದೋ ಬೇಡವೋ ಎಂಬುದು ಸ್ಪೀಕರ್ ಕೈಯಲ್ಲಿದೆ. ಕಳಿಸದ ಮಸೂದೆಗೆ ಅಧ್ಯಕ್ಷರು ವಿಟೋ ಹಾಕಲು ಬರುವುದಿಲ್ಲ. ಪ್ರತಿ ಸಲವೂ ಅದೇ ವೇಳಾಪಟ್ಟಿ ಸೇರಿಸಿ ವಾಪಸ್ ಕಳಿಸಬಹುದಿತ್ತು. 'ಹಣ ಬೇಕಾದರೆ ದಿನಾಂಕ ಒಪ್ಪಿಕೊಳ್ಳಿ' ಎನ್ನಬಹುದಿತ್ತು.

ಯಾಕೆ ಹಾಗೆ ಮಾಡಲಿಲ್ಲ? 'ಯುದ್ಧಭೂಮಿಯಲ್ಲಿರುವ ಸೈನಿಕರ ಅನ್ನ, ಗುಂಡು ಕಿತ್ತುಕೊಂಡರು' ಎಂಬ ಆರೋಪಕ್ಕೆ ಹೆದರಿ. ಆ ಹೆದರಿಕೆಯಲ್ಲಿ ಹುರುಳಿತ್ತು. ಬುಷ್ ಬಗ್ಗುತ್ತಿದ್ದರೋ ಇಲ್ಲವೋ, ಯಾರಿಗೆ ಗೊತ್ತು? ಹಣ ಮುಗಿದರೂ ಸೈನಿಕರನ್ನು ಅಲ್ಲೇ ಬಿಟ್ಟಿದ್ದರೆ ತೊಂದರೆ ಸೈನಿಕರಿಗೇ. ಪ್ರಾಮಾಣಿಕವಾಗಿ ಯೋಚಿಸುವವರಿಗೂ ಇದು ಸುಲಭದ ಪ್ರಶ್ನೆಯಲ್ಲ. ನಾಯಕರು ಇದನ್ನೇ ಬಾಯಿಬಿಟ್ಟು ಹೇಳಿದ್ದರೆ ಜನರಿಗೆ ಅರ್ಥವಾಗುತ್ತಿತ್ತು. 'ನಮ್ಮ ಬಳಿ ಅಧಿಕಾರ ಇದೆ, ಬಳಸಿದರೆ ಇಂಥ ಅಪಾಯ ಇದೆ, ಆದ್ದರಿಂದ ಬಳಸುವುದಿಲ್ಲ' ಎನ್ನಬಹುದಿತ್ತು. ಅದರ ಬದಲು ಮತಗಳೇ ಇಲ್ಲ ಎಂದರು.

ಮೇ 24ರಂದು ದಿನಾಂಕವಿಲ್ಲದ ಮಸೂದೆ ಪಾಸಾಯಿತು. ಕೆಳಮನೆಯಲ್ಲಿ 280–142. ಡೆಮಾಕ್ರಟರಲ್ಲಿ 140 ಮಂದಿ ವಿರುದ್ಧ, 86 ಮಂದಿ ಪರ. ಪೆಲೋಸಿ ಸ್ವತಃ ವಿರುದ್ಧ ಮತ ಹಾಕಿದರು. ಆದರೆ ಮಸೂದೆಯನ್ನು ಸದನಕ್ಕೆ ಬರಲು ಬಿಟ್ಟವರೂ ಅವರೇ! ಮಸೂದೆ ದಾಟಿದ್ದು ರಿಪಬ್ಲಿಕನ್ ಮತಗಳ ಬಲದಿಂದ. ಬೇಡ ಎಂದು ದಾಖಲೆಯಲ್ಲಿ ಬರೆಸಿ, ಕೆಲಸ ನಡೆಯಲು ದಾರಿ ಬಿಡುವುದು. ಮತದಾರರನ್ನು ಅತಿ ಹೆಚ್ಚು ಉರಿಸಿದ್ದು ಈ ಎರಡು ದೋಣಿಯ ಪ್ರಯಾಣ. ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುತ್ತಿದ್ದ ಕ್ಲಿಂಟನ್ ಮತ್ತು ಒಬಾಮಾ ಇಬ್ಬರೂ ಸೆನೆಟ್‌ನಲ್ಲಿ ಆ ಮಸೂದೆಯ ವಿರುದ್ಧ ಮತ ಹಾಕಿದರು. ಅಷ್ಟೊತ್ತಿಗೆ ಅಲ್ಲಿ ಅದು 80–14ರಲ್ಲಿ ಸಲೀಸಾಗಿ ಪಾಸಾಗುವಂತಿತ್ತು.

ಬ್ರಿಟನ್ನಿನಲ್ಲಿ ಗೋಳು ಬೇರೆ ಥರ. ಅಲ್ಲಿ ಯುದ್ಧಕ್ಕೆ ಹೊರಟಿದ್ದು ಲೇಬರ್ ಪಕ್ಷದ ಟೋನಿ ಬ್ಲೇರ್, ಬೆನ್ನಿಗೆ ನಿಂತದ್ದು ವಿರೋಧ ಪಕ್ಷದ ಕನ್ಸರ್ವೇಟಿವ್ ನಾಯಕತ್ವ. 2003ರ ಮಾರ್ಚ್ 18ರಂದು 139 ಲೇಬರ್ ಸಂಸದರು ತಮ್ಮ ಪ್ರಧಾನಿಯ ವಿರುದ್ಧವೇ ಮತ ಹಾಕಿದರು. ಸಚಿವ ರಾಬಿನ್ ಕುಕ್ ಹಿಂದಿನ ದಿನ ರಾಜೀನಾಮೆ ಕೊಟ್ಟಿದ್ದರು. ದೊಡ್ಡ ಪಕ್ಷಗಳೆರಡೂ ಒಂದೇ ಕಡೆ ನಿಂತಾಗ ಮತದಾರರಿಗೆ ಉಳಿದದ್ದು ಮೂರನೇ ಪಕ್ಷ. ಯುದ್ಧ ವಿರೋಧಿಸಿದ ಲಿಬರಲ್ ಡೆಮಾಕ್ರಟರಿಗೆ 2005ರಲ್ಲಿ 62 ಸ್ಥಾನ ಸಿಕ್ಕಿತು. ಬ್ಲೇರ್ ಬಹುಮತ ಕುಗ್ಗಿತು, ಅಧಿಕಾರ ಉಳಿಯಿತು.

ಲೆಕ್ಕ ಚುಕ್ತಾ ಆಯಿತೇ?

2008ರ ಜನವರಿ 3. ಮತ್ತೆ ಅಯೋವಾ. ಗೆಲ್ಲುವುದು ಖಚಿತ ಎನಿಸಿಕೊಂಡಿದ್ದ ಹಿಲರಿ ಕ್ಲಿಂಟನ್ ಮೂರನೇ ಸ್ಥಾನಕ್ಕೆ ಬಿದ್ದರು. ಗೆದ್ದವರು ಒಬಾಮಾ. ಅವರ ಗೆಲುವಿಗೆ ಕಾರಣ ಹಲವು. ಆದರೆ ಷಿಕಾಗೋದ ಆ ಐದು ವರ್ಷದ ಹಿಂದಿನ ಭಾಷಣ ಇಲ್ಲದಿದ್ದರೆ ಅನುಭವಿ ಕ್ಲಿಂಟನ್ ಎದುರು ಒಬ್ಬ ಹೊಸ ಸೆನೆಟರ್ 'ನನ್ನ ತೀರ್ಮಾನ ಸರಿಯಿತ್ತು' ಎಂದು ಹೇಳಲು ಸಾಧ್ಯವೇ ಇರಲಿಲ್ಲ. ಕ್ಲಿಂಟನ್ ತಮ್ಮ ಮತ ತಪ್ಪು ಎಂದು ಆ ಚುನಾವಣೆ ಮುಗಿಯುವವರೆಗೂ ಸ್ಪಷ್ಟವಾಗಿ ಹೇಳಲಿಲ್ಲ. ಹೇಳಿದ್ದು ವರ್ಷಗಳ ನಂತರ.

ಮತದಾರರ ಸಿಟ್ಟು ಗೆದ್ದಿತು ಎಂದು ಇಲ್ಲಿಗೆ ನಿಲ್ಲಿಸುವವರು ತುಂಬಾ ಜನ. ನನಗೆ ಹಾಗೆ ಅನಿಸುವುದಿಲ್ಲ. ಒಬಾಮಾ ಉಪಾಧ್ಯಕ್ಷರಾಗಿ ಆರಿಸಿಕೊಂಡದ್ದು ಬೈಡನ್ ಅವರನ್ನು. ವಿದೇಶಾಂಗ ಸಚಿವೆ ಮಾಡಿದ್ದು ಕ್ಲಿಂಟನ್ ಅವರನ್ನು, ಅವರ ನಂತರ ಕೆರಿ ಅವರನ್ನು. ಮೂವರೂ 2002ರಲ್ಲಿ 'ಹೌದು' ಎಂದವರು. 2016ರಲ್ಲಿ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಕ್ಲಿಂಟನ್. 2002ರಲ್ಲಿ ಕೆಳಮನೆಯಲ್ಲಿ 'ಬೇಡ' ಎಂದಿದ್ದ ಬರ್ನಿ ಸ್ಯಾಂಡರ್ಸ್ ಆ ಪ್ರೈಮರಿಯಲ್ಲಿ ಆ ಮತವನ್ನು ಮತ್ತೆ ಮತ್ತೆ ನೆನಪಿಸಿದರೂ ಸೋತರು. 2020ರಲ್ಲಿ ಅಭ್ಯರ್ಥಿ ಬೈಡನ್. ಸೆನೆಟ್‌ನಲ್ಲಿ 'ಬೇಡ' ಎಂದ 23 ಮಂದಿಯಲ್ಲಿ ಒಬ್ಬರೂ ಯಾವತ್ತೂ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಆಗಲಿಲ್ಲ.

2024ರ ಮಾರ್ಚ್‌ನಲ್ಲಿ ಬಾರ್ಬರಾ ಲೀ ಕ್ಯಾಲಿಫೋರ್ನಿಯಾದಿಂದ ಸೆನೆಟ್‌ಗೆ ಪ್ರಯತ್ನಿಸಿದರು. ಪ್ರೈಮರಿಯಲ್ಲಿ ನಾಲ್ಕನೇ ಸ್ಥಾನ ಬಂತು. ನವೆಂಬರ್‌ನಲ್ಲಿ ಆ ಸ್ಥಾನ ಗೆದ್ದವರು ಆಡಂ ಶಿಫ್. 2002ರಲ್ಲಿ ಅವರೂ ಕೆಳಮನೆಯಲ್ಲಿದ್ದರು, 'ಹೌದು' ಎಂದಿದ್ದರು. ಇಪ್ಪತ್ತೆರಡು ವರ್ಷಗಳ ನಂತರ ಅದೊಂದು ದೊಡ್ಡ ಚುನಾವಣಾ ವಿಷಯವೇ ಆಗಲಿಲ್ಲ. ಮುಂದಿನ ಯುದ್ಧದ ನಿರ್ಣಯ ಮೇಜಿನ ಮೇಲೆ ಬಂದಾಗ ಮತ ಹಾಕಲಿರುವ ನಾಯಕರಿಗೂ ಈ ಪಟ್ಟಿ ಗೊತ್ತಿದೆ.